ರೊಮಾನೋವ್ ಮನೆತನದ ಕತೆ ಹೇಳುತ್ತಿದ್ದವನ ಅಕ್ಕ

ಎಡ್ವರ್ಡ್ ಕುವೆಲ್ಲೊನ ಹೆಸರೆತ್ತಿದರೆ ಇಂದಿಗೂ ನಾನು ಮುಖ ತಿರುಗಿಸುತ್ತೇನೆ. ಆದ್ದರಿಂದ ಇದು ಅವನ ಕತೆಯಲ್ಲ, ಅವನ ಅಕ್ಕ ಕ್ಲೆಮೆಂಟಿನಾ ಬಾಯಮ್ಮನ ಕತೆ. ಆದರೆ ಬಾಯಮ್ಮನ ವಿಷಯ ಹೇಳಲು ಕೂತರೆ ನಡುನಡುವೆ ಅವನು ಬಂದೇ ಬರುತ್ತಾನೆ, ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಬಾಯಮ್ಮನಿಗೆ ಬಹುವಚನ ಕೊಡುತ್ತೇನೆ, ಅವನಿಗೆ ಕೊಡುವುದಿಲ್ಲ. ಅಷ್ಟು ಸ್ವಾತಂತ್ರ್ಯ ನನಗಿರಲಿ.

ಮಸ್ಕತ್ತಿನ ರುವಿಯಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೆವು. ಅವರ ಫ್ಲ್ಯಾಟಿನ ಮೇಲಿನದು ನಮ್ಮದು. ನನ್ನ ಗಂಡ ಭೋಜರಾಜ ಮತ್ತು ಎಡ್ವರ್ಡ್ ಒಂದೇ ಟ್ರೇಡಿಂಗ್ ಕಂಪನಿಯ ಆಫೀಸಿನವರು. ನಾವು ತುಳುವರು, ಅವರು ಕೊಂಕಣಿ ಮಾತಾಡುವ ಕೆಥೊಲಿಕರು. ನಮ್ಮೂರ ಕಡೆ ತುಳುವರು ಕೆಥೊಲಿಕ್ ಗಂಡಸರನ್ನು ಪೊರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ರೂಢಿ. ಅದರಲ್ಲಿ ಮೇಲುಕೀಳಿಲ್ಲ, ಮೀನು ಮಾರುವವರಿಗೂ ಅದೇ, ಡಾಕ್ಟರಿಗೂ ಅದೇ. ಮುಂದೆ ಎಡ್ವರ್ಡ್ ಆ 'ಪೊರ್ಬು' ಎಂಬುದನ್ನೇ ಹಿಡಿದುಕೊಂಡು ತಾನು ಮೂಲದಲ್ಲಿ ಪ್ರಭು ಮನೆತನದವನೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿದ. ಅದು ಆಮೇಲಿನ ಮಾತು.

ಬಾಯಮ್ಮ ಹುಟ್ಟಿದ್ದು ಮಂಗಳೂರಿನ ಜೆಪ್ಪುವಿನಲ್ಲಿ. ತಂದೆ ಬೇಗ ತೀರಿಕೊಂಡರು. ತಾಯಿ ಅನಾಸ್ತಾಸಿಯಾ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಇಬ್ಬರು ಮಕ್ಕಳನ್ನು ಸಾಕಿದವರು. ತಮ್ಮ ಓದಲಿ ಎಂದು ಬಾಯಮ್ಮ ಶಾಲೆ ಬಿಟ್ಟು ಮುಂಬಯಿಗೆ ಆಯಾ ಕೆಲಸಕ್ಕೆ ಹೋದರು. ಮದುವೆಯ ಮಾತು ಬಂದಾಗಲೆಲ್ಲ ತಮ್ಮನ ಓದು ಮುಗಿಯಲಿ ಎಂದರು. ಓದು ಮುಗಿಯುವಾಗ ಮದುವೆಯ ಮಾತು ತರುವವರೇ ಇರಲಿಲ್ಲ.

ಎಂಬತ್ತರ ಸುಮಾರಿಗೆ ಅವರು ಮುಂಬಯಿಯಿಂದ ಒಮಾನಿನ ಸೂರ್ ಎಂಬ ಊರಿಗೆ ಬಂದರು. ಮೀನುಗಾರರ ಊರು, ಮರದ ದೊಡ್ಡ ದೊಡ್ಡ ಹಾಯಿಹಡಗು ಕಟ್ಟುವವರ ಊರು. ಅಲ್ಲಿ ಹಡಗು ಕಟ್ಟಿಸುವವನೊಬ್ಬನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಯಜಮಾನಿ ಸೈನಬ ಒಂದು ದಿನ ಕೇಳಿದಳಂತೆ, ನಿನಗೆ ನಿನ್ನವರು ಯಾರಿದ್ದಾರೆ ಎಂದು. ಒಬ್ಬ ತಮ್ಮ ಇದ್ದಾನೆ, ಬಿ.ಕಾಂ. ಮಾಡಿ ಹೆಂಡತಿ, ಪುಟ್ಟ ಮಗಳನ್ನು ಇಟ್ಟುಕೊಂಡು ಕೆಲಸವಿಲ್ಲದೆ ಕೂತಿದ್ದಾನೆ ಎಂದರು ಬಾಯಮ್ಮ. ಸೈನಬಳ ಗಂಡ ಮಸ್ಕತ್ತಿನ ತನ್ನ ಸಂಬಂಧಿಕನಿಗೆ ಹೇಳಿಸಿ ವೀಸಾ ತೆಗೆಸಿಕೊಟ್ಟ. ಎಡ್ವರ್ಡ್ ಒಮಾನಿನಲ್ಲಿ ಇಳಿದದ್ದು ಹೀಗೆ, ಅಕ್ಕನ ಸೆರಗು ಹಿಡಿದುಕೊಂಡು.

ಹೆಂಡತಿ ಬೀಟ್ರಿಸ್ ಮಗಳೊಂದಿಗೆ ಬಂದಳು. ಅವಳಿಗೂ ಕ್ಲಿನಿಕ್ಕೊಂದರಲ್ಲಿ ಕೆಲಸ ಸಿಕ್ಕಿತು. ಮಗುವನ್ನು ನೋಡುವವರು ಬೇಕಲ್ಲ? ಎಡ್ವರ್ಡ್ ಸೂರ್‌ಗೆ ಹೋಗಿ ಅಕ್ಕನನ್ನು ಕರೆತಂದ. ಅಕ್ಕನಿಗೆ ಫ್ಯಾಮಿಲಿ ವೀಸಾ ಸಿಗುವುದಿಲ್ಲ, ಆದ್ದರಿಂದ ಮನೆಗೆಲಸದವಳ ವೀಸಾ. ತಮ್ಮನೇ ಕಫೀಲ್, ಅಂದರೆ ಕಾಗದದಲ್ಲಿ ಅವನೇ ಧಣಿ. "ಕಾಗದಕ್ಕೆ ಮಾತ್ರ ಅಂತೆ ಕುಸುಮಾ, ನನಗೆಂತ ಅದರಿಂದ?" ಎಂದು ಬಾಯಮ್ಮ ನನ್ನ ಹತ್ತಿರ ನಗಾಡಿದ್ದರು. ಪಾಸ್‌ಪೋರ್ಟನ್ನು ಅವನು ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಆ ಕಾಲದಲ್ಲಿ ಅವನು ಅಷ್ಟು ಹಾಳಾಗಿರಲಿಲ್ಲ, ಸುಳ್ಳು ಹೇಳಬಾರದು. ಶುಕ್ರವಾರ ರಜೆ, ಮಧ್ಯಾಹ್ನ ನಾವು ಅವರಲ್ಲಿಗೆ ಊಟಕ್ಕೆ ಹೋಗುತ್ತಿದ್ದೆವು. ಕಂಪನಿಯ ಒಬ್ಬ ಇಂಗ್ಲಿಷಿನವನು ಊರಿಗೆ ವಾಪಸ್ ಹೋಗುವಾಗ ಬಿಟ್ಟುಹೋದ ರಷ್ಯಾದ ದೊರೆಗಳ ದಪ್ಪ ಪುಸ್ತಕವೊಂದು ಅವನ ಕೈಗೆ ಸಿಕ್ಕಿತ್ತು. ಮೀನುಸಾರು ಕಲಸುತ್ತ ಅದರ ಕತೆ ಹೇಳುವುದು ಅವನಿಗೆ ಚಟ.

"ಮೊದಲು ಅವರಿಗೆ ರೊಮಾನೋವ್ ಅಂತ ಹೆಸರೇ ಇರ್ಲಿಲ್ಲ ಮಾರಾಯ್ರೇ," ಎಂದು ಶುರು ಮಾಡುತ್ತಿದ್ದ. "ಮೂಲದ ಅಜ್ಜನ ಅಡ್ಡಹೆಸರು ಕೊಬಿಲಾ. ಅಂದ್ರೆ ಹೆಣ್ಣು ಕುದುರೆ. ಅವನ ಮಗ ಕೋಷ್ಕಾ, ಅಂದ್ರೆ ಬೆಕ್ಕು. ಆಮೇಲಿನವರು ಅವರವರ ಅಜ್ಜಂದಿರ ಹೆಸರು ಹಿಡ್ಕೊಂಡು ಜಖಾರಿನ್ ಆದ್ರು, ಯೂರಿಯೆವ್ ಆದ್ರು. ಕೊನೆಗೆ ರೋಮಾನ್ ಅಂತ ಒಬ್ಬ ಬಂದ. ರೋಮಾನ್ ಅಂದ್ರೆ ರೋಮಿನವ. ಅವನ ಮೊಮ್ಮಕ್ಕಳು ರೊಮಾನೋವ್, ರೋಮಾನನವರು. ಅಷ್ಟೇ ಅದರ ಅರ್ಥ."

"ಅಷ್ಟಕ್ಕೆ ದೊರೆಗಳು ಆಗ್ತಾರಾ?" ಎಂದು ನನ್ನ ಗಂಡ ಕೇಳಿದರು.

"ಆ ರೋಮಾನನ ಮಗಳನ್ನು ದೊರೆ ಮದುವೆಯಾದ. ಅನಾಸ್ತಾಸಿಯಾ ಅಂತ ಅವಳ ಹೆಸರು, ನಮ್ಮ ಅಮ್ಮನದ್ದೇ, ನಮ್ಮ ಮಗಳದ್ದೇ. ದೊರೆಯ ವಂಶ ನಿಂತು ಹೋದ ಮೇಲೆ ಅವಳ ಸೋದರನ ಮೊಮ್ಮಗನನ್ನು ಕರೆದು ಪಟ್ಟಕ್ಕೆ ಕೂರಿಸಿದ್ರು. ಪಟ್ಟ ಸಿಕ್ಕಿದ ಮೇಲೆ ಕುದುರೆ, ಬೆಕ್ಕು ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ಬೇಕಲ್ಲ? ಪ್ರಶ್ಯಾದ ಒಬ್ಬ ರಾಜಕುಮಾರ ನಮ್ಮ ಮೂಲಪುರುಷ ಅಂತ ವಂಶಾವಳಿ ಕಟ್ಟಿಸಿದ್ರು." ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ನಮ್ಮ ಕುವೆಲ್ಲೊ ಅಂದ್ರೂ ಪೋರ್ಚುಗೀಸಿನಲ್ಲಿ ಮೊಲ. ಅವರ ಕುದುರೆ, ನಮ್ಮ ಮೊಲ."

ಬಾಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಹಾಗಾದ್ರೆ ಆ ಮನೆಯವರು ಮೇಲೆ ಬಂದದ್ದು ಮನೆಯ ಹೆಣ್ಣಿನಿಂದ ಅಲ್ವಾ ಎಡ್ಡಿ?"

"ಹೌದು ಮತ್ತೆ. ನಿನ್ನಿಂದ ನಾನು ಬಂದ ಹಾಗೆ," ಎಂದ ಅವನು. ನನ್ನ ಎರಡು ಕಿವಿಯಿಂದ ಕೇಳಿದ ಮಾತು ಇದು.

ಆಮೇಲೆ ಅವನಿಗೆ ಪ್ರಮೋಷನ್ ಆಗತೊಡಗಿತು. ಒಂದೊಂದು ಪ್ರಮೋಷನ್ನಿಗೂ ಕತೆಯ ಒಂದೊಂದು ತುಂಡು ಉದುರಿತು. ಮೊದಲು ಹೆಣ್ಣು ಕುದುರೆ ಹೋಯಿತು. ಅಸಿಸ್ಟೆಂಟ್ ಮ್ಯಾನೇಜರ್ ಆಗುವಾಗ ಬೆಕ್ಕೂ ಇಲ್ಲ, ನಮ್ಮ ಮೊಲವೂ ಇಲ್ಲ. ಹಾಲ್‌ನ ಗೋಡೆಗೆ ರಷ್ಯಾದ ದೊರೆಗಳ ಎರಡು ತಲೆಯ ಹದ್ದಿನ ಹಿತ್ತಾಳೆಯ ಲಾಂಛನ ಬಂತು, ಕಾರ್ಡಿನಲ್ಲಿ 'ಪ್ರಭು ಕುವೆಲ್ಲೊ' ಬಂತು. ಮಗಳಿಗೆ ಆ ಹೆಸರಿಟ್ಟದ್ದು ರಷ್ಯಾದ ರಾಣಿಯ ನೆನಪಿಗೆ ಎಂದು ಹೇಳಲು ಶುರು ಮಾಡಿದ. ಮಣ್ಣು ಹೊತ್ತ ತಾಯಿಯನ್ನು ಸತ್ತ ಮೇಲೂ ಮನೆಯಿಂದ ಹೊರಗೆ ಹಾಕಿದ ಹಾಗಾಯಿತು. ನಮ್ಮ ತುಳುವರಲ್ಲೂ ಮದುವೆಯ ಮಾತಿಗೆ ಮೊದಲು ತಾಯಿಯ ಕಡೆಯಿಂದ ಬರುವ ಬರಿ ಎಂಬ ಗೋತ್ರ ಯಾವುದು, ಮನೆತನ ಯಾವುದು ಎಂದು ಕೇಳುತ್ತಾರೆ, ನಮ್ಮದೇನೂ ಕಡಿಮೆ ಗಲೀಜಲ್ಲ. ಆದರೆ ಹೆತ್ತವಳನ್ನು ಒರಸಿ ಹಾಕಿ ಆ ಜಾಗಕ್ಕೆ ರಾಣಿಯನ್ನು ತಂದು ಕೂರಿಸಿದವನನ್ನು ನಾನು ಬೇರೆ ಕಂಡಿಲ್ಲ.

ಅಕ್ಕನ ಸರದಿ ಬಂದದ್ದು ಯಾವಾಗ ಎಂದು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಒಂದು ಸಲ ಕಂಪನಿಯ ದೊಡ್ಡವರ ಹೆಂಡತಿ ಬಂದಿದ್ದಾಗ ಬೀಟ್ರಿಸ್ "ದಿಸ್ ಈಸ್ ಅವರ್ ಕ್ಲೆಮಿ" ಎಂದಳಂತೆ. ಆ ಹೆಂಗಸು ಕೆಲಸದವಳೆಂದು ತಿಳಿದಳು, ಯಾರೂ ತಿದ್ದಲಿಲ್ಲ. ಎರಡನೆಯ ಸಲ ತಿದ್ದಲು ಮುಜುಗರ. ಮೂರನೆಯ ಸಲಕ್ಕೆ ಅದೇ ಅನುಕೂಲವಾಯಿತು. ಕಾಗದದಲ್ಲಿ ಇದ್ದದ್ದು ಬಾಯಿಗೂ ಬಂತು. ಮಗಳು ಅನಾಸ್ತಾಸಿಯಾಳಿಗೂ ಅದನ್ನೇ ಕಲಿಸಿದರು. ತಂದೆಯ ಅಕ್ಕತಂಗಿಯರನ್ನು ಅವರ ಕೊಂಕಣಿಯಲ್ಲಿ ಆಕಯ್ ಎನ್ನುತ್ತಾರೆ. ಮನೆಯವರೇ ಇದ್ದಾಗ ಆ ಹುಡುಗಿ "ಆಕಯ್, ಆಕಯ್" ಎಂದು ಸೀರೆಗೆ ಜೋತುಬೀಳುತ್ತಿದ್ದಳು. ಕರೆಗಂಟೆ ಬಾರಿಸಿದ ಕೂಡಲೇ "ಕ್ಲೆಮಿ, ಯಾರು ನೋಡು." ಪುಟ್ಟ ಬಾಯಿಯಲ್ಲಿ ಆ ನಾಲಗೆ ಹೊರಳುವುದನ್ನು ನೋಡಿ ನಾನು ಒಮ್ಮೆ ಬಾಗಿಲಿನಿಂದಲೇ ತಿರುಗಿ ಮೇಲೆ ಬಂದಿದ್ದೆ.

ಸಂಬಳದ ವಿಷಯ ಬಂದರೆ ಅಕ್ಕ, ನೆಂಟರು ಬಂದರೆ ಕೆಲಸದವಳು. ಮನೆಗೆಲಸದವರಿಗೆ ಎರಡು ವರ್ಷಕ್ಕೊಮ್ಮೆ ರಜೆ, ಊರಿಗೆ ಹೋಗಿ ಬರುವ ಟಿಕೆಟ್ ಕೊಡುವುದು ಎಲ್ಲ ಮನೆಯ ಕ್ರಮ. ಬಾಯಮ್ಮನಿಗೆ ಅದೂ ಇರಲಿಲ್ಲ. ಮನೆಯವಳಿಗೆ ಎಂತ ರಜೆ?

"ನಿಮಗೆ ಬೇಸರ ಆಗುದಿಲ್ವಾ ಬಾಯಮ್ಮ?" ಎಂದು ನಾನು ಕೇಳದೇ ಇರಲಿಲ್ಲ.

"ಹುಡುಗಿಗೆ ಒಳ್ಳೇ ಕಡೆ ಮದುವೆ ಆಗ್ಲಿ ಅಂತ ಅವನ ಆಸೆ. ಆಕಯ್ ಆಯಾ ಅಂತ ಗೊತ್ತಾದ್ರೆ ಒಳ್ಳೇ ಮನೆಯವರು ಬರ್ತಾರಾ? ಆಗ್ಲಿ ಬಿಡು. ಹುಡುಗಿಗೆ ನಾನು ಯಾರಂತ ಗೊತ್ತುಂಟಲ್ಲ," ಎಂದು ಅವರು ಬಟ್ಟೆ ಮಡಚುವುದರಲ್ಲಿ ತೊಡಗಿದರು.

ತೊಂಬತ್ತೆಂಟರ ಜುಲೈಯ ಒಂದು ಶುಕ್ರವಾರ. ಸತ್ತು ಎಂಬತ್ತು ವರ್ಷವಾದ ಮೇಲೆ ರಷ್ಯಾದ ಕೊನೆಯ ದೊರೆಯ ಎಲುಬುಗಳನ್ನು ಮಣ್ಣು ಮಾಡುವುದನ್ನು ಟೀವಿಯಲ್ಲಿ ತೋರಿಸುತ್ತಿದ್ದರು. ಎಡ್ವರ್ಡ್ ತನ್ನ ಸ್ವಂತ ಅಜ್ಜ ಹೋದ ಹಾಗೆ ಕಪ್ಪು ಟೈ ಕಟ್ಟಿಕೊಂಡು ಕೂತಿದ್ದ. ನೋಡಲು ಅಸಹ್ಯ. ಆ ದಿನವೇ ಒಮಾನಿನದೇ ನಿಜ್ವಾ ಎಂಬ ಊರಿನಿಂದ ಲೂರ್ಡ್ಸ್ ಬಾಯಮ್ಮ ಮತ್ತು ಅವರ ಗಂಡ ಬಂದಿದ್ದರು. ಅವರ ಮಗ ಫ್ರೆಡ್ಡಿ ಎಂಜಿನಿಯರ್, ಅನಾಸ್ತಾಸಿಯಾಳನ್ನು ಚರ್ಚಿನಲ್ಲಿ, ಅವರ ಮಾತಿನಲ್ಲಿ ಇಗರ್ಜಿಯಲ್ಲಿ, ಕಂಡು ಮೆಚ್ಚಿದ್ದ. ಸಂಬಂಧದ ಮಾತು ಬಂದರೆ ಊರಿನ ಇಗರ್ಜಿಯವರ ಹತ್ತಿರ ಹುಡುಗಿಯ ಮನೆತನ ವಿಚಾರಿಸುವುದು ಅವರ ಪದ್ಧತಿ. ಲೂರ್ಡ್ಸ್ ಬಾಯಮ್ಮನವರು ಎರಡು ತಲೆಮಾರಿನಿಂದ ಮುಂಬಯಿಯವರು, ಜೆಪ್ಪುವಿನಲ್ಲಿ ವಿಚಾರಿಸಲು ಅವರಿಗೆ ಜನ ಇರಲಿಲ್ಲ. ಎಡ್ವರ್ಡ್ ಅದೇ ಕಾರಣಕ್ಕೆ ಅವರನ್ನು ಒಪ್ಪಿದ್ದ. ಎಲ್ಲರೂ ಊರಿಗೆ ಹೋಗಿ ಮದುವೆ ಮಾಡಿದರೆ ಅವನು ಮಸ್ಕತ್ತಿನಲ್ಲೇ ಮಾಡುತ್ತೇನೆಂದು ಹಟ ಹಿಡಿದದ್ದೂ ಅದಕ್ಕೇ.

"ರೊಮಾನೋವ್ ಅಂದ್ರೆ ರೋಮಿನಿಂದ ಬಂದ ಹೆಸರು," ಎನ್ನುತ್ತಿದ್ದ ಟೀವಿಯ ಕಡೆ ಕೈ ಮಾಡಿ. "ಮೂಲದಲ್ಲಿ ಪ್ರಶ್ಯಾದ ರಾಜಕುಮಾರನ ವಂಶ. ಹೆಸರಿನಲ್ಲೇ ಎಲ್ಲ ಉಂಟು ನೋಡಿ." ಹತ್ತು ವರ್ಷ ಹಿಂದೆ ಯಾವುದನ್ನು ಹೇಳಿ ನಕ್ಕಿದ್ದನೋ ಅದನ್ನೇ ಈಗ ಗಂಭೀರವಾಗಿ ಹೇಳುತ್ತಿದ್ದ. ಪಟ್ಟಕ್ಕೆ ದಾರಿ ಮಾಡಿಕೊಟ್ಟ ಹೆಣ್ಣಿನ ಸುದ್ದಿಯೂ ಇಲ್ಲ. ನನ್ನ ಗಂಡ ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

"ಎಡ್ವರ್ಡ್ ಬಾಬ್, ನಿಮ್ಗೆ ಅಕ್ಕತಂಗಿಯರು ಯಾರೂ ಇಲ್ವಾ?" ಎಂದು ಲೂರ್ಡ್ಸ್ ಬಾಯಮ್ಮ ಸಹಜವಾಗಿ ಕೇಳಿದರು.

ಕ್ಲೆಮೆಂಟಿನಾ ಬಾಯಮ್ಮ ಆಗ ಚಹಾದ ತಟ್ಟೆ ಹಿಡಿದುಕೊಂಡು ಅವನ ಎದುರೇ ಬಗ್ಗಿದ್ದರು. ಅವನು ಒಂದು ಕಪ್ ಎತ್ತಿಕೊಂಡ, ಸಕ್ಕರೆ ಹಾಕಿ ಕಲಕಿದ. "ಇಲ್ಲ. ನಾನೊಬ್ಬನೇ," ಎಂದ.

ತಟ್ಟೆ ಅಲುಗಲಿಲ್ಲ. ಬಾಯಮ್ಮ ಅದನ್ನು ಪಕ್ಕದವರ ಕಡೆ ಹಿಡಿದರು.

ಮದುವೆ ನವೆಂಬರಿಗೆ ನಿಶ್ಚಯವಾಯಿತು. ಮದುವೆಯ ಮುಂಚಿನ ದಿನ ಅವರಲ್ಲಿ ರೋಸ್ ಎಂಬ ಶಾಸ್ತ್ರ ಇದೆ. ಮದುಮಗಳನ್ನು ಮಣೆಯ ಮೇಲೆ ಕೂರಿಸಿ ತಲೆಗೆ ತೆಂಗಿನೆಣ್ಣೆ ಹಚ್ಚಿ, ಮೊದಲು ತಂದೆತಾಯಿ, ಆಮೇಲೆ ಹತ್ತಿರದವರು, ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತೆಂಗಿನಕಾಯಿಯ ಹಾಲು ಎರೆಯುತ್ತಾರೆ. ಹುಡುಗಿಯಾಗಿ ತವರಿನಲ್ಲಿ ಮೀಯುವ ಕೊನೆಯ ಮೀಯುವಿಕೆ ಅದು. ಬಾಯಮ್ಮ ಈ ಮನೆಗೆ ಬಂದ ಇಷ್ಟು ಕಾಲದಲ್ಲಿ ತಮ್ಮನ ಹತ್ತಿರ ಏನಾದರೂ ಕೇಳಿದ್ದರೆ ಅದೊಂದನ್ನೇ.

"ನಾನು ಮನೆಯವರ ಸಾಲಿನಲ್ಲಿ ನಿಂತು ಒಂದು ಸಲ ರೋಸ್ ಎರೀಬೇಕು ಎಡ್ಡಿ. ಅವಳನ್ನು ಮೀಯಿಸಿದ್ದು ಪೂರಾ ನಾನು. ನಾಳೆಯಿಂದ ಅವಳು ಬೇರೆಯವರ ಮನೆಯವಳು."

ನಾನು ಕಾಯಿ ತುರಿಯಲು ಹೋಗಿದ್ದೆ, ಅಲ್ಲೇ ಇದ್ದೆ. ಅವನು ಅಕ್ಕನ ಮುಖ ನೋಡದೆ ವಾಚ್ ನೋಡಿದ. "ಲೂರ್ಡ್ಸ್ ಬಾಯಿಯವರು ಬರ್ತಾರೆ. ಕೊನೆಯಲ್ಲಿ ಎರೆ, ಬೇಡ ಅಂತ ಯಾರು ಹೇಳ್ತಾರೆ? ಕೊನೆಗೆ ಕೆಲಸದವರೂ ಎರೀತಾರಲ್ಲ."

ಮಾತಿಗೆ ಎಂಥೆಂಥವರನ್ನೋ ಕಂಡಿದ್ದೇನೆ. ಇಷ್ಟು ನಯವಾಗಿ ಉಗಿಯುವವನನ್ನು ಕಂಡಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಯಮ್ಮ ನನ್ನ ಮೊಣಕೈ ಹಿಡಿದು ಅದುಮಿದರು. "ನನ್ನ ಆಣೆ ಉಂಟು ಕುಸುಮಾ. ನೀನು ಒಂದು ಮಾತು ಆಡಿದ್ರೆ ಹುಡುಗಿಯ ಮದುವೆ ನಿಲ್ತದೆ." ಮತ್ತೆ ತುರಿಯಲು ಕೂತರು. ಆ ದಿನದ ಹಾಲು ಪೂರ್ತಿ ಅವರೇ ಹಿಂಡಿದ್ದು.

ಗಂಡಿನ ತಾಯಿ ಹೆಣ್ಣಿನ ರೋಸ್‌ಗೆ ಬರುವ ಪದ್ಧತಿ ಊರಿನಲ್ಲಿಲ್ಲ. ಎಡ್ವರ್ಡ್ ತನ್ನ ದೊಡ್ಡಸ್ತಿಕೆ ತೋರಿಸಲು ಕರೆಸಿದ್ದ. ಸಂಜೆಯ ಹೊತ್ತು, ಬಾಡಿಗೆಗೆ ಹಿಡಿದ ಸಣ್ಣ ಹಾಲ್. ಕೊಂಕಣಿ ಹಾಡು, ನಗೆ, ಗದ್ದಲ. ತಂದೆತಾಯಿ ಎರೆದರು, ಗಾಡ್‌ಮದರ್ ಎರೆದಳು, ಆಫೀಸಿನವರು ಎರೆದರು. ಗೆಳತಿಯರು ತಮಾಷೆಗೆ ಬೇಕೆಂದೇ ಮುಖಕ್ಕೆ ಎರಚಿದರು. ಅನಾಸ್ತಾಸಿಯಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತುಟಿ ಕಚ್ಚಿ ಕೂತಿದ್ದಳು. ನಾನೂ ಎರೆದೆ. ಬಾಯಮ್ಮ ಗೋಡೆಯ ಪಕ್ಕ ಖಾಲಿಯಾದ ಪಾತ್ರೆ ತುಂಬಿಸಿಕೊಡುತ್ತ ನಿಂತಿದ್ದರು. ಎಲ್ಲರದೂ ಮುಗಿದ ಮೇಲೆ ಬೀಟ್ರಿಸ್ "ಕ್ಲೆಮಿ, ಬೇಕಾದ್ರೆ ನೀನೂ ಹಾಕು" ಎಂದಳು.

ಬಾಯಮ್ಮ ಮುಂದೆ ಹೋಗಿ ಎಡಗೈಯ ಅಂಗೈಯನ್ನು ಹುಡುಗಿಯ ಹಣೆಗೆ ಅಡ್ಡ ಹಿಡಿದರು, ಹಾಲು ಕಣ್ಣಿಗೆ ಇಳಿಯದ ಹಾಗೆ. ಸಣ್ಣ ಮಕ್ಕಳನ್ನು ಮೀಯಿಸುವಾಗ ಹಿಡಿಯುತ್ತೇವಲ್ಲ, ಹಾಗೆ. ಬಲಗೈಯಿಂದ ನಿಧಾನ ಎರೆದರು. ಅಷ್ಟು ಜನರಲ್ಲಿ ಕೈ ಅಡ್ಡ ಹಿಡಿದವರು ಅವರೊಬ್ಬರೇ.

ಕಣ್ಣು ಮುಚ್ಚಿದ್ದ ಹುಡುಗಿಗೆ ಆ ಕೈ ಯಾರದ್ದೆಂದು ತಿಳಿಯಿತು. ಗಡಸಾಗಿದ್ದ ಭುಜ ಸಡಿಲವಾಯಿತು. "ಆಕಯ್," ಎಂದಳು, ಮನೆಯ ಬಚ್ಚಲಿನಲ್ಲಿ ಹೇಳುವ ಹಾಗೆಯೇ. "ಆಕಯ್, ಕಣ್ಣು ಉರೀತದೆ."

ಹಾಡು ನಿಂತಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕೊಂಕಣಿಯವರು, ಆಕಯ್ ಎಂದರೆ ಯಾರೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೂರ್ಡ್ಸ್ ಬಾಯಮ್ಮ ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ಆಕಯ್?"

ಎಡ್ವರ್ಡ್‌ನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ಹಳೇ ಕೆಲಸದವಳಲ್ವಾ, ಮಕ್ಕಳು ಪ್ರೀತಿಯಿಂದ ಹಾಗೆ ಕರೀತಾರೆ," ಎಂದ.

ಲೂರ್ಡ್ಸ್ ಬಾಯಮ್ಮ ಅವನನ್ನು ನೋಡಲಿಲ್ಲ. "ಹೌದಾ ಮಗಳೇ?" ಎಂದು ಹುಡುಗಿಯನ್ನೇ ಕೇಳಿದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಈಗಲೂ ಅನಿಸುತ್ತದೆ, ಹೌದು ಇವರು ನನ್ನ ಆಕಯ್ ಎಂದಿದ್ದರೆ ಆ ಹೆಂಗಸು ಏನೂ ಅನ್ನುತ್ತಿರಲಿಲ್ಲ.

ಅನಾಸ್ತಾಸಿಯಾ ಕಣ್ಣು ತೆರೆದಳು. ಕೆಂಪಗಾಗಿತ್ತು. ಅಪ್ಪನನ್ನು ನೋಡಿದಳು, ಅತ್ತೆಯಾಗುವವರನ್ನು ನೋಡಿದಳು. ಹಣೆಗೆ ಕೈ ಅಡ್ಡ ಹಿಡಿದು ನಿಂತವರನ್ನು ಮಾತ್ರ ನೋಡಲಿಲ್ಲ.

"ಯೆಸ್ ಆಂಟಿ," ಎಂದಳು. "ಶಿ ಈಸ್ ಜಸ್ಟ್ ಅವರ್ ಮೇಡ್."

ಆಗಲೂ ಬಾಯಮ್ಮನ ಅಂಗೈ ಅವಳ ಹಣೆಯ ಮೇಲೇ ಇತ್ತು. ಪಾತ್ರೆಯಲ್ಲಿ ಸ್ವಲ್ಪ ಹಾಲು ಉಳಿದಿತ್ತು. ಅದನ್ನೂ ಎರೆದರು, ಒಂದು ಹನಿ ಕಣ್ಣಿಗೆ ಬೀಳದ ಹಾಗೆ. ಸೆರಗಿನಿಂದ ಅವಳ ಮುಖ ಒರೆಸಿ, ಪಾತ್ರೆ ತೆಗೆದುಕೊಂಡು ಹಾಲ್‌ನ ಹಿಂದಿನ ಅಡುಗೆಕೋಣೆಗೆ ಹೋದರು.

ನಾನು ಹಿಂದೆಯೇ ಹೋದೆ. ನನಗೆ ಸಿಟ್ಟಿಗಿಂತ ಹೇಸಿಗೆ, ಹಾಲಿನ ಜಿಡ್ಡು ಮೈಗೆಲ್ಲ ಮೆತ್ತಿಕೊಂಡ ಹಾಗೆ. "ಥೂ ಬಾಯಮ್ಮ, ಇವರ ಮನೆಯ ನೀರು ಮುಟ್ಬೇಡಿ. ನಡೀರಿ ನಮ್ಮ ಮನೆಗೆ," ಎಂದೆ.

"ನಾಳೆ ಊಟಕ್ಕೆ ಸನ್ನ ಹೊಯ್ಲಿಕ್ಕೆ ಅಕ್ಕಿ ನೆನೆ ಹಾಕಿ ಆಗಿದೆ," ಎಂದರು ಅವರು ಪಾತ್ರೆ ತಿಕ್ಕುತ್ತ. "ಮದುವೆ ಮುಗೀಲಿ." ಮುಖದಲ್ಲಿ ಅಳು ಇರಲಿಲ್ಲ. ಅಳು ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮದುವೆ ಮುಗಿಯಿತು. ಅವರು ಇಗರ್ಜಿಗೆ ಬರಲಿಲ್ಲ, ಅಡುಗೆಯಲ್ಲಿದ್ದರು. ಮರುದಿನ ಗಂಡಿನ ಮನೆಯವರನ್ನು ಎಡ್ವರ್ಡ್ ಊಟಕ್ಕೆ ಕರೆದಿದ್ದ, ನಾವೂ ಇದ್ದೆವು. ಊಟವಾಗಿ ಎಲ್ಲರೂ ಹಾಲ್‌ನಲ್ಲಿ ಕೂತಿದ್ದಾಗ ಬಾಯಮ್ಮ ಒಳಗಿನಿಂದ ಬಂದರು. ಇಗರ್ಜಿಗೆ ಉಡುವ ಸೀರೆ ಉಟ್ಟಿದ್ದರು, ಕೈಯಲ್ಲಿ ಒಂದು ಚೀಲ. ಎರಡು ತಲೆಯ ಹದ್ದಿನ ಕೆಳಗೆ ಕೂತಿದ್ದ ತಮ್ಮನ ಎದುರು ಹೋಗಿ ನಿಂತರು.

"ಸರ್," ಎಂದರು. "ನನ್ನ ಪಾಸ್‌ಪೋರ್ಟ್ ಕೊಡಿ. ಕೆಲಸದವರಿಗೆ ಎರಡು ವರ್ಷಕ್ಕೊಮ್ಮೆ ರಜೆ, ಟಿಕೆಟ್ ಉಂಟಂತೆ. ನಾನು ಒಂದೂ ತಕ್ಕೊಳ್ಳಲಿಲ್ಲ. ಈಗ ಹೋಗ್ಲಿಕ್ಕೆ ಒಂದು ಟಿಕೆಟ್ ಕೊಡಿ ಸಾಕು, ಬರ್ಲಿಕ್ಕೆ ಬೇಡ."

ಎಡ್ವರ್ಡ್ ಎದ್ದು ನಿಂತ. "ಇದೆಂತ ಈಗ? ಒಳಗೆ ಹೋಗು, ಆಮೇಲೆ ಮಾತಾಡುವ."

"ಇಲ್ಲ ಸರ್. ಖಲಾಸ್. ಕೆಲಸ ಮುಗೀತು."

ಅವನು ಅಕ್ಕನನ್ನು ಬಿಟ್ಟು ಅತಿಥಿಗಳ ಕಡೆ ನೋಡಿದ. ಅಕ್ಕಾ ಎಂದು ಒಂದು ಸಲ ಕರೆದಿದ್ದರೆ ಬಾಯಮ್ಮ ಚೀಲ ಕೆಳಗಿಡುತ್ತಿದ್ದರು, ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಲೂರ್ಡ್ಸ್ ಬಾಯಮ್ಮ ಪಕ್ಕದ ಸೋಫಾದಲ್ಲಿ ಕೂತು ನೋಡುತ್ತಿದ್ದರು. ಅನಾಸ್ತಾಸಿಯಾ ಗಂಡನ ಪಕ್ಕ ಕೂತು ಬಳೆ ತಿರುಗಿಸುತ್ತಿದ್ದಳು.

ಅವನು ಕಪಾಟಿನ ಬೀಗ ತೆಗೆದು ಪಾಸ್‌ಪೋರ್ಟ್, ಟಿಕೆಟ್ಟಿನ ಹಣ ತಂದು ಕೊಟ್ಟ. "ಥ್ಯಾಂಕ್ಯೂ ಸರ್," ಎಂದು ಬಾಯಮ್ಮ ಎರಡನ್ನೂ ಚೀಲಕ್ಕೆ ಹಾಕಿಕೊಂಡು, ಅತಿಥಿಗಳು ಬಿಟ್ಟಿದ್ದ ಚಪ್ಪಲಿಗಳ ನಡುವೆ ತಮ್ಮದನ್ನು ಹುಡುಕಿ ಮೆಟ್ಟಿ ಹೊರಟರು.